ದಕ್ಷಿಣದ ಬಾಗಲಾ

ನನಗ ಸಿಟ್ಟು ಜಲ್ದಿ ಬರತದ. ಇದನ್ನ ಮೊದಲ ಹೇಳಿಬಿಡತೀನಿ, ಆಮ್ಯಾಲ ಯಾರೂ "ಈಕಿಗಿ ಎಷ್ಟು ಸೊಕ್ಕು ನೋಡು" ಅಂತ ಹೊಸದಾಗಿ ಕಂಡುಹಿಡಿಯೂದು ಬ್ಯಾಡ. ನಮ್ಮವ್ವ ಹೇಳತಿದ್ದಳು, ನಾ ಹುಟ್ಟಿದಾಗ ಅಳಲಿಲ್ಲಂತ, ಬೈದೆನಂತ. ದೇವದುರ್ಗದಾಗ ಕೂಲಿ ಮಾಡೂ ಮನಿ ನಮ್ಮದು. ಆ ಮನಿಯಿಂದ ಹೊಂಟು, ಓದಿ, ಇಂಜಿನಿಯರ್ ಆಗಿ, ರಾಯಚೂರಿನ ಒಂದು ಕಾಲೇಜಿನ್ಯಾಗ ಕಟ್ಟಡ, ಕರೆಂಟು, ನೀರು ಮೂರನ್ನೂ ನೋಡಿಕೊಳ್ಳೂ ನೌಕರಿ ಹಿಡದೀನಿ. ಸಿಟ್ಟಿಲ್ಲದ ಹಿಡಿಯಾಕ ಆಗತಿತ್ತೇನು?

ನಮ್ಮ ಕಾಲೇಜಿನ್ಯಾಗ ವರ್ಷಕ್ಕೊಮ್ಮೆ ಮಾಕ್ ಡ್ರಿಲ್ ಮಾಡತಾರ. ಬೆಂಕಿ ಬಿದ್ದದ, ಇಲ್ಲಾ ಭೂಮಿ ನಡುಗ್ಯದ ಅಂತ ಸೈರನ್ ಹೊಡೀತಾರ. ಎಲ್ಲಾರೂ ಓಡಿ ಬಂದು ಮೈದಾನದಾಗ ನಿಂದ್ರಬೇಕು. ಆಮ್ಯಾಲ ನಾನು, ನನ್ನ ಸಂಗಟ ಎಲೆಕ್ಟ್ರಿಷಿಯನ್ ಒಬ್ಬಾವ, ಇಡೀ ಕ್ಯಾಂಪಸ್ ಸುತ್ತಬೇಕು. ಗ್ವಾಡಿ ಬಿರುಕು ಬಿಟ್ಟದೇನು, ಕರೆಂಟಿನ ಮೇನ್ ಬಂದ್ ಆಗತದೇನು, ಗ್ಯಾಸ್ ಸೋರಾಕತ್ತದೇನು, ಟಾಕಿಯೊಳಗ ನೀರು ಅದೇನು, ಹೊರಗ ಬರೂ ದಾರಿ ಸಾಫ್ ಅದೇನು, ಎಲ್ಲಾ ನೋಡಿ ಒಂದೊಂದು ಕಟ್ಟಡದ ಬಾಗಲಕ್ಕ ಒಂದು ಗುರುತು ಹಾಕಬೇಕು. ಹಸಿರು ಅಂದ್ರ ಒಳಗ ಹೋಗಬಹುದು. ಹಳದಿ ಅಂದ್ರ ಹುಷಾರಿಲೆ ಹೋಗ್ರಿ. ಕೆಂಪು ಅಂದ್ರ ತಪ್ಪು ಸರಿ ಆಗೂತನಕ ಒಳಗ ಯಾರೂ ಕಾಲಿಡಂಗಿಲ್ಲ, ಪ್ರಿನ್ಸಿಪಾಲರೂ ಇಡಂಗಿಲ್ಲ. ವರ್ಷದಾಗ ಅದೊಂದು ದಿನ ನನ್ನ ಮಾತು ನಡೀತದ.

ನಡೀತದ ಅಂತ ನಾ ತಿಳಕೊಂಡಿದ್ದೆ. ಹೋದ ವರ್ಷ ಹುಡುಗ್ಯಾರ ಹಾಸ್ಟೆಲ್ಲಿನ ಬಾಗಲಕ್ಕ ಕೆಂಪು ಚಾಕ್‌ಪೀಸಿಲೆ ದೊಡ್ಡದೊಂದು ಗುಣಾಕಾರ ಎಳದಿದ್ದೆ. ಊಟ ಮಾಡಿ ಬರೂದ್ರಾಗ ಯಾರೋ ಹಸಿ ಅರಿಬಿಲೆ ಒರಸಿಬಿಟ್ಟಿದ್ರು. ಪ್ರಿನ್ಸಿಪಾಲರನ್ನ ಕೇಳಿದ್ರ, "ಮೇಡಂ, ಇದು ಅಣಕ ರೀ. ನಾಟಕದಾಗ ರಾಜನ ಕಿರೀಟ ಖರೇ ಬಂಗಾರದ್ದು ಇರತದೇನು?" ಅಂತ ನಕ್ಕರು. ಸುತ್ತ ಇದ್ದವರೂ ನಕ್ಕರು. ನಾ ನಗಲಿಲ್ಲ. ಈ ವರ್ಷ ಡ್ರಿಲ್ಲಿನ ಹಿಂದಿನ ದಿನ ಬಜಾರಕ್ಕ ಹೋಗಿ ಒಂದು ಡಬ್ಬಿ ಕೆಂಪು ಆಯಿಲ್ ಪೇಂಟ್ ತಂದೆ, ಅಂಗೈ ಅಗಲದ ಬ್ರಷ್ ಒಂದು ತಂದೆ. ಒರಸ್ರಿ ಈಗ, ನಾನೂ ನೋಡತೀನಿ ಅಂತ ಮನಸಿನ್ಯಾಗ ಅಂದುಕೊಂಡೆ.

ಆ ಹಾಸ್ಟೆಲ್ಲಿನ ಹಕೀಕತ್ತು ಹೇಳತೀನಿ. ನೆಲದ ಮ್ಯಾಲ ಎರಡು ಮಾಳಿಗಿ. ದೇವದುರ್ಗ, ಮಾನ್ವಿ ಕಡಿ ಹಳ್ಳಿ ಹುಡುಗ್ಯಾರ ಅದರಾಗ ಹೆಚ್ಚು. ಮ್ಯಾಲ ಹತ್ತಿ ಇಳಿಯೂ ಮುಂದಿನ ಪಾವಟಿಗಿ ಉತ್ತರಕ್ಕ ಅದ. ಅದರ ಬುಡಕ್ಕ ಅಡಗಿಮನಿ, ಅಡಗಿಮನಿ ಮಗ್ಗಲಕ್ಕ ಗ್ಯಾಸ್ ಸಿಲಿಂಡರ್. ಅಂದ್ರ ಬೆಂಕಿ ಬಿದ್ರ ಮೊದಲ ಅಲ್ಲೇ ಬೀಳತದ, ಬಿದ್ರ ಹೊಗಿ ಆ ಪಾವಟಿಗಿ ಹಿಡದ ಮ್ಯಾಲ ಏರತದ. ಅದಕ್ಕಂತನ ಕಟ್ಟಿದವರು ಹಿಂದ ಇನ್ನೊಂದು ಪಾವಟಿಗಿ ಇಟ್ಟು, ಅದರ ಬುಡಕ್ಕ ಹೊರಗ ಹೋಗಾಕ ಕಬ್ಬಿಣದ ಬಾಗಲಾ ಕೂಡಿಸಿದ್ರು. ಶಾಣ್ಯಾರು ಅವರು. ಆದ್ರ ಆ ಬಾಗಲಾ ದಕ್ಷಿಣಕ್ಕಿತ್ತು.

ದಕ್ಷಿಣಕ್ಕ ಬಾಗಲಾ ಇದ್ರ ಯಮ ಬರತಾನಂತ. ವಾಸ್ತು ನೋಡೂ ಒಬ್ಬಾವ ಬಂದು, ನಿಮ್ಮ ರಿಜಲ್ಟ್ ಇಳಿಯಾಕ ಇದ ಕಾರಣ ಅಂದ. ಆತು, ಓದಸೂದು ಬಿಟ್ಟು ಬಾಗಲಾ ಮುಚ್ಚಿದ್ರು. ಹೊರಗಿಂದ ತೆಂಗಿನಕಾಯಿಯಷ್ಟು ದೊಡ್ಡ ಕೀಲಿ ಜಡದ್ರು. ಅಷ್ಟಕ್ಕ ದೋಷ ಹೋಗಂಗಿಲ್ಲಂತ, ಕೀಲಿಕೈನ ಅರಿಷಿಣದ ಅರಿಬ್ಯಾಗ ಕಟ್ಟಿ, ಪೂಜಿ ಮಾಡಿ, ಕೃಷ್ಣಾ ಹೊಳಿಗಿ ಬಿಟ್ಟು ಬಂದ್ರು. ಸುಳ್ಳಲ್ಲ, ಕಾಲೇಜಿನ ಗಾಡಿಯೊಳಗನ ಹೋಗಿ ಬಿಟ್ಟು ಬಂದ್ರು. ಒಳಗಿನ ಮಗ್ಗಲಕ್ಕ ಒಂದು ಸ್ಟೂಲ್ ಇಟ್ಟು, ಬಾಗಲಕ್ಕ ಆನಿಸಿ ತಿಮ್ಮಪ್ಪನ ಫೋಟೋ ಇಟ್ರು. ಫೋಟೋ ಬಂದ ಮ್ಯಾಲ ದೀಪ ಬಂತು, ದೀಪ ಬಂದ ಮ್ಯಾಲ ಎಣ್ಣಿ ಬಾಟಲಿ ಬಂತು. ಪರೀಕ್ಷಿ ಬಂದಾಗ ಹುಡುಗ್ಯಾರು ಹಾಲ್ ಟಿಕೆಟ್ ಅಲ್ಲಿಟ್ಟು ಕೈ ಮುಗಿಯಾಕ ಹತ್ತಿದ್ರು. ಪಾವಟಿಗಿ ಹ್ಯಾಂಗೂ ಖಾಲಿ ಅವ ಅಂತ ಮುರಕ ಮಂಚ, ಹರಕ ಗಾದಿ ತಂದು ಒಟ್ಟಿದ್ರು. ಊರು ಕೊಳ್ಳಿ ಹೋದ ಮ್ಯಾಲ ದಿಡ್ಡಿ ಬಾಗಲಾ ಹಾಕಿದ್ರು ಅಂತ ಗಾದಿಮಾತು ಅದ. ನಮ್ಮವರು ಕೊಳ್ಳಿ ಹೋಗೂಕಿಂತ ಮೊದಲ, ಮಂದಿನ್ನ ಒಳಗಿಟ್ಟು ಹಾಕಿದ್ರು.

ಹಾಸ್ಟೆಲ್ಲಿನ ವಾರ್ಡನ್ ಅಮ್ಮಾರು ಮಾನ್ವಿಯವರು. ಗುಡಿ ಪೂಜಿ ಮಾಡೂ ಮನಿತನ, ಸಾಲಿ ಟೀಚರ್ ಆಗಿ ರಿಟೈರ್ ಆದವರು. ಎರಡೂ ಮೊಣಕಾಲಿನ್ಯಾಗ ನೋವು, ಆದ್ರೂ ದಿನಾ ಸಂಜಿಕಿ ಮಡಿಲೆ ಬಂದು ಆ ಫೋಟೋದ ಮುಂದ ದೀಪ ಹಚ್ಚತಿದ್ರು. ನಮ್ಮಿಬ್ಬರದು ಹಾವು ಮುಂಗಸಿ ಸಂಬಂಧ. ಪೈಪು ನೋಡಾಕ, ಮೋಟರ್ ನೋಡಾಕ ನಾ ಹೋದಾಗ ಚಹಾ ಕೊಡತಿದ್ರು. ಎಲ್ಲಾರಿಗೂ ಸ್ಟೀಲ್ ಲೋಟ, ನನಗ ಕಾಗದದ ಕಪ್ಪು. ನಾನೂ ಕುಡದು, ಕಪ್ಪು ಅವರ ಟೇಬಲ್ ಮ್ಯಾಲನ ಇಟ್ಟು ಬರತಿದ್ದೆ. ಎತ್ತಿ ಒಗೀಲಿ, ಕೈ ಅವ ಅಲ್ಲ.

ಆ ಬಾಗಲದ ಮ್ಯಾಲ ನನಗ ಯಾಕಿಷ್ಟು ಹಟ ಅಂದ್ರ, ನಾನೂ ದೇವದುರ್ಗದ ಹಾಸ್ಟೆಲ್ಲಿನ್ಯಾಗ ಬೆಳದಾಕಿ. ಸಣ್ಣಾಕಿದ್ದಾಗ ಒಂದಿನ ಸಂಜಿಮುಂದ ನಮ್ಮನ್ನ ನೋಡಿಕೊಳ್ಳೂ ಬಾಯಾರು ಹೊರಗಿಂದ ಕೀಲಿ ಹಾಕಿ, ಕೀಲಿಕೈ ಸೆರಗಿಗಿ ಕಟಗೊಂಡು ಸಂತಿಗಿ ಹೋಗಿದ್ರು. ಒಳಗ ಚಿಮಣಿ ದೀಪ ಉರುಳಿ ಕೌದಿಗಿ ಬೆಂಕಿ ಹತ್ತಿತು. ಹೊಗಿ ಕೋಣಿ ತುಂಬಿತು. ಕಿಟಕಿ ಸರಳು ಹಿಡದು ನಾವು ಹೆಂಗ ಒದರಿದೆವು ಅಂದ್ರ, ಇವತ್ತಿಗೂ ನನ್ನ ಗಂಟಲು ನೋಯತದ. ಬಂಡಿ ಹೊಡಕೊಂಡು ಹೊಂಟಿದ್ದ ಯಾರೋ ಪುಣ್ಯಾತ್ಮ ಕಬ್ಬಿಣದ ಹಾರಿ ತಂದು ಕೀಲಿ ಒಡದ. ಯಾರಿಗೂ ಏನೂ ಆಗಲಿಲ್ಲ. ಮರುದಿನ ನಮ್ಮವ್ವಂದಿರನ್ನ ಕರೆಸಿ ಏನಂದ್ರು ಗೊತ್ತೇನು? ನಿಮ್ಮ ಹುಡುಗ್ಯಾರು ಬೀದಿಗಿ ಕೇಳೂ ಹಂಗ ಬಾಯಿ ಮಾಡ್ಯಾವು, ಹೆಣ್ಣುಮಕ್ಕಳಿಗಿ ಇದು ಲಕ್ಷಣ ಅಲ್ಲ. ಕೀಲಿ ಸುದ್ದಿ ಯಾರೂ ಎತ್ತಲಿಲ್ಲ. ನಮ್ಮವ್ವ ಸೆರಗು ನಡಕ್ಕ ಸಿಗಸಿ, "ಬಾಯಿ ಮಾಡಿದ್ದಕ್ಕ ಬದುಕ್ಯಾವ್ರಿ. ಸುಮ್ಮನಿದ್ರ ಇವತ್ತು ಹೆಣ ಹೊರಬೇಕಾಗಿತ್ತು" ಅಂದಳು. ಆ ಮಾತು ಅಕಿ ನನಗ ಕೊಟ್ಟ ಆಸ್ತಿ.

ಇರಲಿ, ಡ್ರಿಲ್ಲಿನ ದಿನಕ್ಕ ಬರತೀನಿ.

ಸೈರನ್ ಹೊಡೀತು. ರಾಯಚೂರಿನ ಬಿಸಲು ಅವತ್ತೇನು ರಜಾ ತಗೊಂಡಿರಲಿಲ್ಲ. ಬೆಂಕಿ ಆರಿಸೂ ಗಾಡಿ ಬಂತು, ಅದರ ಸಾಹೇಬರು ಬಂದ್ರು. ಗಾಯಾಳು ಆಗಬೇಕಾದ ಹುಡುಗರು ಕೆಂಪು ಮಸಿ ಹಚ್ಚಿದ ಬ್ಯಾಂಡೇಜ್ ಸುತಗೊಂಡು ಬೇವಿನ ಗಿಡದ ಬುಡಕ್ಕ ಮಲಗಿದ್ರು. ಸತ್ತವರ ಪಾರ್ಟು ಸಿಕ್ಕವರು ಒಗ್ಗರಣಿ ಮಿರ್ಚಿ ತಿನ್ನಾಕತ್ತಿದ್ರು. "ಲೇ, ಸತ್ತಾವ ಮಿರ್ಚಿ ತಿಂತಾನೇನಲೇ?" ಅಂದ್ರ, "ಕೊನಿ ಆಸಿ ರೀ ಮೇಡಂ" ಅಂದ ಒಬ್ಬಾವ.

ನಾವು ಸುತ್ತಾಕ ಹತ್ತಿದೆವು. ಆಫೀಸಿನ ಕಟ್ಟಡದ ಮೇನ್ ಸ್ವಿಚ್ ಬಂದ್ ಮಾಡ್ರಿ ಅಂದ್ರ, ಎಲೆಕ್ಟ್ರಿಷಿಯನ್‌ಗ ಮೇನ್ ಯಾವುದಂತ ಗೊತ್ತಾಗವಲ್ದು. ವರ್ಷಾ ವರ್ಷಾ ಆಯುಧ ಪೂಜಿಗಿ ಬಳದ ಕುಂಕುಮ, ವಿಭೂತಿ ಒಂದರ ಮ್ಯಾಲೊಂದು ಕುಂತು, ಸ್ವಿಚ್ಚಿನ ಮ್ಯಾಲಿನ ಅಕ್ಷರ ಎಲ್ಲಾ ಮುಳಗಿ ಹೋಗಿದ್ದವು. ಉಗುರಿಲೆ ಕೆರದು ಕೆರದು ಹುಡುಕಿದ. ಹಳದಿ ಹಾಕಿದೆ. ಜನರೇಟರಿನ ಕೋಣ್ಯಾಗ ಡೀಸೆಲ್ ಡಬ್ಬಿ ಪಕ್ಕಕ್ಕ ಕಾಗದದ ರದ್ದಿ. ಅದಕ್ಕೂ ಹಳದಿ. ಲೈಬ್ರರಿ ಚೊಕ್ಕ ಇತ್ತು, ಹಸಿರು ಹಾಕಿದೆ. ನೀರಿನ ಟಾಕಿ ತುಂಬಿತ್ತು, ಅದಕ್ಕೂ ಹಸಿರು. ನನಗ ಬೈಯೂದ ಕೆಲಸ ಅಂತ ತಿಳೀಬ್ಯಾಡ್ರಿ, ಚೊಕ್ಕ ಇದ್ದದ್ದಕ್ಕ ಚೊಕ್ಕ ಅಂತೀನಿ.

ಕೊನಿಗಿ ಹಾಸ್ಟೆಲ್. ಗ್ವಾಡಿ ಗಟ್ಟಿ, ಕರೆಂಟ್ ಸರಿ, ಗ್ಯಾಸಿನ ವಾಲ್ವ್ ಬರೊಬ್ಬರಿ ಬಂದ್ ಆತು. ಹಿಂದ ಹೋಗಿ ನೋಡಿದೆ. ಕೀಲಿ ಇತ್ತು, ಒಳಗ ಮಂಚ ಇದ್ದವು, ತಿಮ್ಮಪ್ಪ ಇದ್ದ. ಹೋದ ವರ್ಷ ಹ್ಯಾಂಗಿತ್ತು ಹಾಂಗ ಇತ್ತು. ಮುಂದಿನ ಬಾಗಲಕ್ಕ ಬಂದು, ಪೇಂಟಿನ ಡಬ್ಬಿ ಮುಚ್ಚಳ ತಗದು, ಈ ತುದಿಯಿಂದ ಆ ತುದಿಗಿ ಕೆಂಪು ಗುಣಾಕಾರ ಎಳದೆ. ಪೇಂಟ್ ಹನಿಹನಿ ಕೆಳಗಿಳೀತು. ಆಹಾ, ಹೊಟ್ಟಿ ತಣ್ಣಗಾತು.

ಪ್ರಿನ್ಸಿಪಾಲರು ಓಡಿಕೋತ ಬಂದ್ರು. "ಏನ್ರೀ ಮೇಡಂ ಇದು, ಪೇಂಟು? ನಿಮಗ ಚಾಕ್‌ಪೀಸ್ ಕೊಟ್ಟಿದ್ದಿಲ್ಲೇನು?"

"ಕೊಟ್ಟಿದ್ರಿ ಸರ್. ಅದು ಒರಸಿದ್ರ ಹೋಗತದ."

"ತಗೀರಿ ಅದನ್ನ. ಹುಡುಗ್ಯಾರು ಬಿಸಲಾಗ ನಿಂತಾರ, ಒಳಗ ಹೋಗಬೇಕು."

"ಹಿಂದಿನ ಬಾಗಲಾ ತಗೀರಿ, ನಾ ಇದನ್ನ ತಗೀತೀನಿ."

ಅವರ ಮುಖ ಬದನಿಕಾಯಿ ಆತು. ಸಾಹೇಬರು ಮಗ್ಗಲಕ್ಕ ನಿಂತಾರಂತ ದನಿ ಇಳಸಿದ್ರು. ಹಿಂದಿನ ಬಾಗಲಾ ತೆರದ್ರ ಹುಡುಗ್ಯಾರು ಯಾರ ಸಂಗಟರೆ ಓಡಿ ಹೋಗತಾರ, ಆಮ್ಯಾಲ ತಂದಿ ತಾಯಿ ಕೈಯಾಗ ಬೈಗಳ ತಿನ್ನಾವ ನಾನು, ನೀವಲ್ಲ ಅಂದ್ರು. ನಾ ಬ್ರಷ್ ಮತ್ತೊಮ್ಮೆ ಡಬ್ಬ್ಯಾಗ ಅದ್ದಿದೆ. ಆಗ ಗಟ್ಟಿಯಾಗಿ, ಎಲ್ಲಾರಿಗೂ ಕೇಳೂ ಹಂಗ ಅಂದ್ರು: "ಆತು ಬಿಡ್ರಿ. ಕೆಂಪು ಅಂದ್ರ ಕೆಂಪ. ನಾಳಿಯಿಂದ ಹಾಸ್ಟೆಲ್ ಬಂದ್. ಹುಡುಗ್ಯಾರೆಲ್ಲಾ ಗಂಟು ಕಟ್ರಿ, ಊರಿಗಿ ಹೋಗ್ರಿ. ಕಟ್ಟಡ ಸರಿ ಇಲ್ಲಂತ, ಮೇಡಂ ಹೇಳ್ಯಾರ."

ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ ನೋಡೀನಿ. ಎತ್ತನ್ನ ಕಟುಕರಿಗಿ ಮಾರಿಬಿಡ್ರಿ ಅನ್ನಾವನ್ನ ಅವತ್ತ ಮೊದಲ ನೋಡಿದ್ದು.

ಹುಡುಗ್ಯಾರ ಗುಂಪಿನ್ಯಾಗ ಗುಜುಗುಜು ಶುರು ಆತು. ಅದರೊಳಗಿಂದ ಒಬ್ಬಾಕಿ ಹೊರಗ ಬಂದಳು. ದೇವದುರ್ಗದಾಚಿ ಹಳ್ಳಿಯಾಕಿ, ಕೊನಿ ವರ್ಷ ಓದಾಕತ್ತಿದ್ದಳು. ಅವರಪ್ಪ ಗೌಂಡಿ ಕೆಲಸಕ್ಕ ಬೆಂಗಳೂರಿಗಿ ಹೋಗತಾನ, ಸುಗ್ಗಿಗಿ ಬರತಾನ. ನಮ್ಮೂರ ಕಡಿಯಾಕಿ ಅಂತ ನನಗ ಅಕಿ ಮ್ಯಾಲ ಸ್ವಲ್ಪ ಜೀವ. ಅವತ್ತು ಅಕಿ ಕಣ್ಣಾಗ ಬೆಂಕಿ ಇತ್ತು.

"ಅಕ್ಕಾರ, ಅಳಸ್ರಿ ಅದನ್ನ."

"ಯಾಕ ಬೇ?"

"ನಮ್ಮಪ್ಪ ಹಾಸ್ಟೆಲ್ ಇರೂತನಕ ಓದು ಅಂದಾನ. ಹಾಸ್ಟೆಲ್ ಇಲ್ಲಂದ್ರ ಗಂಡಿನ ಮನಿಯವರು ತಯಾರ ಅದಾರ. ಈಗಾಗಲೇ ಯಾರೋ ಊರಿಗಿ ಫೋನ್ ಮಾಡ್ಯಾರ, ಹಾಸ್ಟೆಲ್ಲಿಗಿ ಕೆಂಪು ಬಿತ್ತಂತ. ಈಗ ಅಪ್ಪನ ಫೋನ್ ಬಂದಿತ್ತು, ನಾಳಿ ಮುಂಜಾನಿ ಬಸ್ಸಿಗಿ ಬರತಾನಂತ, ಕರಕೊಂಡು ಹೋಗಾಕ." ಅಕಿ ಆ ಕೆಂಪಿನ ಕಡಿ ಕೈ ಮಾಡಿದಳು. "ನೀವು ಓದಿ ನೌಕರಿ ಹಿಡದೀರಿ. ನನ್ನ ದಾರಿ ಯಾಕ ಮುಚ್ಚತೀರಿ?"

ಖರೇ ಹೇಳತೀನಿ, ಪ್ರಿನ್ಸಿಪಾಲರ ನೂರು ಮಾತಿಗಿ ಬಗ್ಗದಾಕಿ ಆ ಒಂದು ಮಾತಿಗಿ ತಣ್ಣಗಾದೆ. ಅಕಿ ಹೇಳಿದ್ದು ಸುಳ್ಳಲ್ಲ. ಕೆಂಪು ಇಟ್ರ ಅಕಿ ಓದು ಹೋಗತದ. ಅಳಸಿದ್ರ, ನಾಳಿ ಒಲಿ ಹೊತಗೊಂಡು ಉರದ್ರ, ಅಕಿನ ಹೋಗತಾಳ. ಎರಡರಾಗ ಯಾವುದು ಬೇಕು ಆರಿಸಿಕೋ ಅಂತ ಮಂದಿ ನಮ್ಮಂಥವರಿಗಿ ಕೇಳತಾರಲ್ಲ, ಅದಕ್ಕ ನನಗ ಸಿಟ್ಟು. ನಮಗ ಎರಡೂ ಬೇಕು. ಯಾಕ ಎರಡೂ ಇರಬಾರದು?

"ಅಳಸಂಗಿಲ್ಲ ತಂಗಿ," ಅಂದೆ. "ಹಾಸ್ಟೆಲ್ ಮುಚ್ಚಾಕೂ ಬಿಡಂಗಿಲ್ಲ. ನಡಿ, ಆ ಕೀಲಿ ಒಡೆಯೋಣು." ಎಲೆಕ್ಟ್ರಿಷಿಯನ್‌ಗ ಹಾರಿ ತಾ ಅಂದೆ.

ಪ್ರಿನ್ಸಿಪಾಲರು ಅಡ್ಡ ನಿಂತ್ರು. "ಮುಟ್ಟಬ್ಯಾಡ್ರಿ. ಇವತ್ತು ಅಮಾಸಿ. ಅಲ್ಲಿ ದೇವರು ಕುಂತಾನ, ಅವನನ್ನ ಎಬ್ಬಸಬೇಕಂದ್ರ ಆಚಾರ್ರನ್ನ ಕರೀಬೇಕು, ಮುಹೂರ್ತ ನೋಡಬೇಕು." ಅಷ್ಟಕ್ಕ ಬಿಟ್ಟಿದ್ರ ಚೊಲೋ ಇತ್ತು. ಬಿಡಲಿಲ್ಲ. "ನಿಮಗೇನ್ರಿ, ನಿಮ್ಮಂಥವರ ಮನ್ಯಾಗ ದೇವರ ಜಗಲಿನ ಇಲ್ಲ."

ನಿಮ್ಮಂಥವರು ಅಂದ್ರ ಯಾರಂತ ಅಲ್ಲಿ ನಿಂತ ಎಲ್ಲಾರಿಗೂ ಗೊತ್ತಿತ್ತು. ಕೆಲವರು ನೆಲ ನೋಡಿದ್ರು. ನಾ ನೆಲ ನೋಡಲಿಲ್ಲ.

"ನಮ್ಮ ಮನ್ಯಾಗ ಬುದ್ಧನ ಫೋಟೋ ಅದ ಸರ್. ದಿನಾ ಹೂವು ಇಡತೀವಿ. ಆದ್ರ ಬಾಗಲಕ್ಕ ಅಡ್ಡ ಇಟ್ಟಿಲ್ಲ, ಗ್ವಾಡಿಗಿ ಹಾಕೀವಿ."

ಹಿಂದ ಯಾವುದೋ ಹುಡುಗಿ ಕಿಸಕ್ಕಂದಳು. ನಾ ಮುಂದುವರಸಿದೆ. ಬಾಯಿ ಒಮ್ಮೆ ತೆರೀತಂದ್ರ ಮುಚ್ಚೂದು ನನಗ ಬರಂಗಿಲ್ಲ.

"ಅಣಕ ಅಂದ್ರಿ ಅಲ್ಲ ಸರ್? ಪೂರ್ತಿ ಮಾಡೋಣು. ನೀವು ಎರಡನೇ ಮಾಳಿಗಿಗಿ ಹೋಗ್ರಿ. ಅಡಗಿಮನ್ಯಾಗ ಬೆಂಕಿ ಬಿದ್ದದ, ಮುಂದಿನ ಪಾವಟಿಗಿ ಹೊಗಿ ತುಂಬ್ಯದ ಅಂತ ತಿಳಕೊಂಡು ಹೊರಗ ಬರ್ರಿ. ಬಂದ್ರಿ ಅಂದ್ರ ಈ ಕೆಂಪು ನಾನ ನನ್ನ ಸೆರಗಿಲೆ ಒರಸತೀನಿ, ನೌಕರಿನೂ ಬಿಟ್ಟು ಹೋಗತೀನಿ."

"ನನಗ ಬಿ.ಪಿ. ಅದ ರೀ," ಅಂದ್ರು ಪ್ರಿನ್ಸಿಪಾಲರು.

ಸಾಹೇಬರು ಮೀಸಿ ತೀಡಿಕೊಂಡು, "ಮೇಡಂ ಹೇಳೂದು ಸರಿನ ಅದ. ನೋಡಿಬಿಡೋಣು. ತ್ರಾಸು ಆಗಲಾರದ ಹೊಗಿ ಡಬ್ಬಿ ನಮ್ಮ ಗಾಡ್ಯಾಗ ಅದ. ಯಾರು ಹೋಗತೀರಿ?" ಅಂತ ಕೇಳಿದ್ರು. ಗಂಡಸರೆಲ್ಲಾ ಒಬ್ಬರ ಮುಖ ಒಬ್ಬರು ನೋಡಿದ್ರು.

"ನಾ ಹೋಗತೀನಿ."

ಅಂದವರು ವಾರ್ಡನ್ ಅಮ್ಮಾರು. ನನಗ ಖರೇನ ಅನಸಲಿಲ್ಲ. ಪ್ರಿನ್ಸಿಪಾಲರು, "ನಿಮಗ್ಯಾಕ್ರಿ ಅಮ್ಮಾರ, ಮೊಣಕಾಲು ನೋವು" ಅಂದ್ರು. ಅಮ್ಮಾರು ಅವರ ಕಡಿ ತಿರುಗಿ, "ಸಂಜಿಕಿ ನೀವೆಲ್ಲಾ ನಿಮ್ಮ ನಿಮ್ಮ ಮನಿಗಿ ಹೋಗತೀರಿ. ಈ ಹುಡುಗ್ಯಾರ ಸಂಗಟ ಒಳಗ ಮಲಗಾಕಿ ನಾನು. ಬರಾಕ ಆಗತದೋ ಇಲ್ಲೋ ನಾನ ನೋಡತೀನಿ" ಅಂದ್ರು. ಆಮ್ಯಾಲ ನನ್ನ ಕಡಿ ಬೆರಳು ಮಾಡಿದ್ರು. "ಆಗತದಂದ್ರ ನೀನು ತಿಮ್ಮಪ್ಪನ ಮುಂದ ನಿಂತು ತಪ್ಪಾತು ಅನ್ನಬೇಕು ನೋಡು, ತಂಗಿ."

"ಅಂತೀನಿ ಅಮ್ಮಾರ," ಅಂದೆ. ಯಾರೂ ಕಾಲಿಡಂಗಿಲ್ಲಂತ ಕೆಂಪು ಹಾಕಿದಾಕಿ ನಾನ, ಒಳಗ ಬಿಟ್ಟಾಕಿನೂ ನಾನ.

ಅಮ್ಮಾರು ನಿಧಾನಕ್ಕ ಹತ್ತಿದ್ರು. ಎರಡನೇ ಮಾಳಿಗಿ ಕಿಟಕಿಯಿಂದ ಕೈ ಬೀಸಿದ್ರು. ಸಾಹೇಬರು ಸೀಟಿ ಊದಿ, ಮುಂದಿನ ಪಾವಟಿಗಿ ಬುಡಕ್ಕ ಡಬ್ಬಿ ಹಚ್ಚಿದ್ರು. ಬೆಳ್ಳನ ಹೊಗಿ ಗುಬುಗುಬು ಅಂತ ಮ್ಯಾಲ ಏರಿತು. ನಾವೆಲ್ಲಾ ಹಿಂದ ಓಡಿ ದಕ್ಷಿಣದ ಬಾಗಲದ ಮುಂದ ನಿಂತೆವು. ಹಾರಿ ನನ್ನ ಕೈಯಾಗಿತ್ತು. ಆ ಹುಡುಗಿ ನನ್ನ ಮಗ್ಗಲಕ್ಕನ ನಿಂತಿದ್ದಳು, ಇನ್ನಾ ಮುನಿಸಿಕೊಂಡ.

ಮೊದಲ ಏನೂ ಕೇಳಲಿಲ್ಲ. ಆಮ್ಯಾಲ ಮ್ಯಾಲ ಎಲ್ಲೋ ಮಂಚ ಸರದ ಸದ್ದು. ಏನೋ ಬಿತ್ತು. "ಅಯ್ಯೋ ಶ್ರೀಹರಿ" ಅಂದದ್ದು ಕೇಳಿತು. ಮತ್ತ ಮಂಚದ ಸದ್ದು, ಗಾದಿ ಎಳದ ಸದ್ದು. ಬಾಳ ಹೊತ್ತಾತು ಅನಿಸಿತು. ಸಾಹೇಬರು ನಾ ಒಳಗ ಹೋಗಲೇನು ಅಂತ ಕೇಳೂದ್ರಾಗ ಒಳಗಿಂದ ಕಬ್ಬಿಣಕ್ಕ ಬಡದ ಸದ್ದು ಬಂತು.

"ಬಂದೀನಿ. ತಗೀರಿ."

ಪ್ರಿನ್ಸಿಪಾಲರು, "ಆತು, ತಿಳೀತು ಬಿಡ್ರಿ, ಮುಂದಿನಿಂದ ಬರಾಕ ಹೇಳ್ರಿ" ಅಂದ್ರು. ಮುಂದ ಹೊಗಿ ತುಂಬ್ಯದ ಅನ್ನೂದು ಅವರಿಗಿ ಮರತ ಹೋಗಿತ್ತು.

"ಕೀಲಿಕೈ ಎಲ್ಲದ ಸರ್?" ಅಂತ ಕೇಳಿದೆ.

"ಹೊಳ್ಯಾಗ."

ಒಳಗ ಬಡಿಯೂದು ಜೋರಾತು. ಅಂಗೈಯಿಲೆ ಅಲ್ಲ, ಎರಡೂ ಮುಷ್ಟಿಲೆ. "ತಗೀರಿ ಬಾಗಲಾ! ಹೊಗಿ ಇಲ್ಲಿಗೂ ಬರಾಕತ್ತದ! ಯಾರೂ ಇಲ್ಲೇನು ಹೊರಗ? ತಗೀರಿ!" ದಿನಾ ಹುಡುಗ್ಯಾರಿಗಿ ಸಣ್ಣ ದನಿಲೆ ಮಾತಾಡ್ರಿ ಅಂತ ಹೇಳೂ ಅಮ್ಮಾರು ಬೀದಿಗಿ ಕೇಳೂ ಹಂಗ ಬಾಯಿ ಮಾಡಾಕತ್ತಿದ್ರು. ಅಣಕ ಅನ್ನೂದು ಅವರಿಗೂ ನೆನಪಿರಲಿಲ್ಲ. ಆ ದನಿ ನನಗ ಗೊತ್ತಿತ್ತು. ದೇವದುರ್ಗದ ಕಿಟಕಿ ಸರಳು ಹಿಡದು ಒದರಿದ ದನಿ ಅದು.

ಹಾರಿಯ ತುದಿ ಕೊಂಡಿಯೊಳಗ ಸಿಗಸಿ ಮೀಟಿದೆ. ಅಲುಗಲಿಲ್ಲ. ಆ ಹುಡುಗಿ ಏನೂ ಮಾತಾಡದ ಬಂದು ಹಾರಿಯ ಇನ್ನೊಂದು ತುದಿ ಹಿಡದಳು. ಇಬ್ಬರೂ ಜೀವ ಹಾಕಿ ಜಗ್ಗಿದೆವು. ಕೀಲಿ ಒಡೀಲಿಲ್ಲ, ಗಟ್ಟಿ ಮಾಲು. ಕೊಂಡಿನ ಕಿತ್ತು ಬಂತು. ಜಂಗು ಹತ್ತಿದ ಬಾಗಲಾ ಕಿರ್ರ್ ಅಂತು, ತೆರೀತು.

ಅಮ್ಮಾರು ಹೊರಗ ಬಂದ್ರು. ಸೀರಿ ತುಂಬ ಜೇಡರ ಬಲಿ, ಮೊಣಕೈ ತರಚಿತ್ತು, ತಲಿಗೂದಲು ಬಿಚ್ಚಿ ಹೋಗಿತ್ತು. ಎರಡೂ ಕೈಲೆ ಎದಿಗಿ ಅವಚಿಕೊಂಡದ್ದು ತಿಮ್ಮಪ್ಪನ ಫೋಟೋ. ಕೂಸಿನ್ನ ಎತಗೊಂಡು ಬಂದಂಗ ಎತಗೊಂಡು ಬಂದಿದ್ರು. ನೀರು ಕೊಡಾಕ ಹೋದ್ರ ಬ್ಯಾಡಂದ್ರು. ಉಸರು ತಗೊಂಡು, "ಅವನನ್ನ ಒಬ್ಬವನ್ನ ಒಳಗ ಬಿಟ್ಟು ಹ್ಯಾಂಗ ಬರಲಿ?" ಅಂದ್ರು.

ಆಮ್ಯಾಲ ಪ್ರಿನ್ಸಿಪಾಲರ ಮುಂದ ಹೋಗಿ ನಿಂತ್ರು. "ಸರ್, ದೇವರು ತಾನ ಎದ್ದು ಹೊರಗ ಬಂದಾನ. ಮುಹೂರ್ತ ಕೇಳಲಿಲ್ಲ. ಇನ್ನ ಆ ಬಾಗಲಕ್ಕ ಅಡ್ಡ ಯಾರನ್ನ ನಿಂದರಸತೀರಿ?"

ಪ್ರಿನ್ಸಿಪಾಲರು ಕರವಸ್ತ್ರ ತಗದು ಮುಖ ಒರಸಿಕೊಂಡು ಹೋದ್ರು.

ಸಂಜಿಕಿ ಹುಡುಗ್ಯಾರೆಲ್ಲಾ ಸೇರಿ ಪಾವಟಿಗಿ ಖಾಲಿ ಮಾಡಿದ್ರು. ಮಂಚ ಹೊತ್ತವರು, ಗಾದಿ ಎಳದವರು, ಬರೇ ಹಾಡು ಹೇಳಿದವರು, ಎಲ್ಲಾ ಥರದವರೂ ಇದ್ರು. ಕೊನಿ ಮಂಚ ಹೊರಗ ಬರೂತನಕ ನಾ ಕೆಂಪು ಅಳಸಲಿಲ್ಲ. ಹಟ ಅಂದ್ರ ಹಟ. ಅಳಸಾಕ ಹೋದ್ರ ಹೋಗಲೂ ಇಲ್ಲ, ಆಯಿಲ್ ಪೇಂಟ್ ಅಲ್ಲ? ಅದರ ಮ್ಯಾಲ ಹಸಿರು ಬಳದೆ, ಸೆಗಣಿ ಬಣ್ಣ ಆತು. ಇವತ್ತಿಗೂ ಹಾಂಗ ಅದ. ತಿಮ್ಮಪ್ಪನ ಫೋಟೋ ಬಾಗಲದ ಬಲಗಡಿ ಗ್ವಾಡಿಗಿ ಮೊಳಿ ಹೊಡದು ಹಾಕಿದೆವು. ಮೊಳಿ ಹೊಡದಾಕಿ ನಾನು, ಫೋಟೋ ಹಾಕಿದವರು ಅಮ್ಮಾರು. ಕೊಂಡಿ ಕಿತ್ತ ಜಾಗಾಕ್ಕ ಒಳಗಿನಿಂದ ಒಂದು ಚಿಲಕ ಕೂಡಿಸಿದೆ. ಒಳಗಿದ್ದವರು ತೆರೀಬಹುದು, ಹೊರಗಿನವರು ತೆರಿಯಾಕ ಬರಂಗಿಲ್ಲ.

ಚಹಾ? ಅಮ್ಮಾರು ಈಗಲೂ ನನಗ ಕಾಗದದ ಕಪ್ಪಿನ್ಯಾಗನ ಕೊಡತಾರ. ಒಂದ ಬಾಗಲಕ್ಕ ಎಲ್ಲಾ ಬಾಗಲಾ ತೆರಿಯಂಗಿಲ್ಲ. ಅದಕ್ಕೂ ಒಂದಿನ ಹಾರಿ ತಗೊಂಡು ಹೋಗತೀನಿ.

ಮರುದಿನ ಮುಂಜಾನಿ ಆ ಹುಡುಗಿಯ ಅಪ್ಪ ಬಂದ. ಸುಗ್ಗಿಗಂತ ಊರಿಗಿ ಬಂದಿದ್ದ, ಮೊದಲನೇ ಬಸ್ಸಿಗಿ ಹತ್ಯಾನ. ಕೈಯಾಗ ಖಾಲಿ ಚೀಲ, ಮಗಳ ಸಾಮಾನು ತುಂಬಾಕ. ಪ್ರಿನ್ಸಿಪಾಲರು ಅವನನ್ನ ಗೇಟಿನ್ಯಾಗನ ಹಿಡದು, ತಾವ ಹಿಂದಿನ ಬಾಗಲಕ್ಕ ಕರಕೊಂಡು ಬಂದ್ರು. ನಾನೂ ಹೋದೆ. ಹುಡುಗಿ ಅಲ್ಲೇ ಒಳಗ ಪಾವಟಿಗಿ ಮ್ಯಾಲ ನಿಂತಿದ್ದಳು.

"ನೋಡಪ್ಪಾ ಯಜಮಾನ," ಅಂದ್ರು ಪ್ರಿನ್ಸಿಪಾಲರು. "ಈ ಬಾಗಲಾ ನಾವು ಹಾಕಿದ್ದೆವು, ನಿಮ್ಮ ಮಕ್ಕಳ ಮಾನಕ್ಕಂತ. ಈ ಮೇಡಂ ಒಡದಾರ. ನಾಳಿ ನಿನ್ನ ಮಗಳು ಇಲ್ಲಿಂದ ಯಾರ ಸಂಗಟರೆ ಹೋದ್ರ ನನಗ ಕೇಳಬ್ಯಾಡ. ನೀನ ಹೇಳು, ಮುಚ್ಚಬೇಕೋ ಬ್ಯಾಡೋ?"

ಅವ ಮುಚ್ಚರಿ ಅಂದ್ರ ಮುಗೀತು, ಪಾಲಕರ ಕೇಳ್ಯಾರಂತ ಮಧ್ಯಾಹ್ನದಾಗ ಹೊಸ ಕೀಲಿ ಬೀಳತದ. ಮುಚ್ಚಲಿಲ್ಲಂದ್ರ ಮಗಳನ್ನ ಕರಕೊಂಡು ಹೋಗತಾನ. ಅವ ಬಾಗಲಾ ನೋಡಿದ, ಚಿಲಕ ನೋಡಿದ, ಕಿತ್ತು ಬಿದ್ದ ಕೊಂಡಿಗಿ ಜೋತ ಬಿದ್ದಿದ್ದ ಆ ಕೀಲಿ ಕೈಯಾಗ ತಗೊಂಡು ನೋಡಿದ. ಮಗಳನ್ನ ನೋಡಿದ.

ಹುಡುಗಿ ಕೆಳಗಿಳದು ಬಂದಳು. "ಯಪ್ಪಾ, ಓಡಿ ಹೋಗೂದಿದ್ರ ಮುಂದಿನ ಬಾಗಲಾ ದಿನಾ ತೆರದ ಇತ್ತು. ನಾ ಓದಾಕ ಬಂದೀನಿ, ಓದಿ ಬರತೀನಿ."

ಅವ ಕೀಲಿ ಅಂಗೈಯಾಗ ತೂಗಿಕೋತ ನಿಂತಿದ್ದ. ಆಮ್ಯಾಲ ಪ್ರಿನ್ಸಿಪಾಲರಿಗಲ್ಲ, ನನಗಲ್ಲ, ಮಗಳಿಗಿ ಹೇಳಿದ.

"ಬೆಂಗಳೂರಾಗ ನಾವು ತಗಡಿನ ಶೆಡ್ಡಿನ್ಯಾಗ ಮಲಗತೀವವ್ವ. ಕೆಲಸ ಬಿಟ್ಟು ಓಡಿ ಹೋಗತಾರಂತ, ಸಂಜಿಕಿ ಮೇಸ್ತ್ರಿ ಹೊರಗಿಂದ ಕೀಲಿ ಹಾಕತಾನ. ಇಂಥದ್ದ ಕೀಲಿ. ಒಳಗ ಬಿದ್ದು ನಾ ಏನ್ ಅಂದುಕೋತೀನಂದ್ರ, ಇರಲಿ, ನನ್ನ ಮಗಳು ಚೊಲೋ ಜಾಗಾದಾಗ ಅದಾಳಂತ."

ಅವ ಕೀಲಿನ ಪ್ರಿನ್ಸಿಪಾಲರ ಕೈಯಾಗ ಇಟ್ಟ. "ಮುಚ್ಚಬ್ಯಾಡ್ರಿ ಯಪ್ಪಾ," ಅಂದ, ಬಾಳ ಮೆತ್ತಗ.

ಆಮ್ಯಾಲ ಖಾಲಿ ಚೀಲ ಮಡಚಿ ಕಂಕುಳಾಗ ಇಟಗೊಂಡ. ಚಹಾ ಕುಡದು ಹೋಗಪ್ಪಾ ಅಂದೆ, ಬಸ್ಸಿಗಿ ಹೊತ್ತಾಗತದ ಅಂದ. ದಕ್ಷಿಣದ ಬಾಗಲದಿಂದನ ಹೊರಗ ಹೋಗಿ, ಹಿಂದಿನ ಗೇಟು ದಾಟಿ ರಸ್ತೆ ಸೇರಿದ. ಅವ ಕಣ್ಮರಿ ಆಗೂತನಕ ಹುಡುಗಿ ನೋಡಿದಳು, ಆಮ್ಯಾಲ ಬಾಗಲಾ ಎಳದು ಒಳಗಿನಿಂದ ತಾನ ಚಿಲಕ ಹಾಕಿಕೊಂಡಳು.